ತೆಗೆಯದೆ ಉಳಿದ ಒಂದು ಫೋಟೋ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಈ ಗೋಷ್ಠಿಯಲ್ಲಿ ಸಾಮಾನ್ಯವಾಗಿ ವಚನಗಳನ್ನು ಬಲ್ಲವರು ಮಾತಾಡುತ್ತಾರೆ. ನಾನು ಬಲ್ಲದ್ದು ಕಲ್ಲು, ಸುಣ್ಣ, ಸಿಮೆಂಟು, ನೀರು. ಸರ್ಕಾರದ ಎಂಜಿನಿಯರಾಗಿ ಮೂವತ್ತನಾಲ್ಕು ವರ್ಷ ಅದನ್ನೇ ಮಾಡಿದೆ. ನಿವೃತ್ತನಾದ ಮೇಲೆ ಹಳೆಯ ಗುಡಿ, ಮಠ, ಗದ್ದುಗೆ, ಗವಿ, ಶಾಸನ ಎಲ್ಲಿವೆಯೋ ಹುಡುಕಿಕೊಂಡು ಹೋಗಿ ಫೋಟೋ ತೆಗೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಇದಕ್ಕೆ ‘ಕಲ್ಲಿನ ಹುಚ್ಚು’ ಅಂತ ಹೆಸರಿಟ್ಟಿದ್ದಾರೆ. ಮೊನ್ನೆ ಪೂಜ್ಯರು, “ಈ ಹುಚ್ಚು ನಿಮಗ ಯಾಕ ಹತ್ತಿತು, ಅದನ್ನ ಹೇಳ್ರಿ” ಅಂದರು. ಅದನ್ನು ಹೇಳಬೇಕಾದರೆ ನಾನು ಮಾಡಿದ ಒಂದು ತಪ್ಪಿನಿಂದಲೇ ಶುರು ಮಾಡಬೇಕು.

1996ನೆಯ ಇಸವಿ. ಆಲಮಟ್ಟಿ ಅಣೆಕಟ್ಟಿನ ಕೆಲಸ ನಡೆದಿತ್ತು. ಹಿನ್ನೀರಿನಲ್ಲಿ ಮುಳುಗುವ ಹಳ್ಳಿಗಳಲ್ಲಿ ಮನೆ, ಬಾವಿ, ದನದ ಕೊಟ್ಟಿಗೆ ಎಲ್ಲವನ್ನೂ ಅಳೆದು ಪರಿಹಾರದ ಬೆಲೆ ಕಟ್ಟಬೇಕಾಗಿತ್ತು. ನನ್ನ ಪಾಲಿಗೆ ಬಂದ ಹಳ್ಳಿಗಳಲ್ಲಿ ಒಂದರ ಅಗಸಿಯ ಹೊರಗೆ, ಹೊಳೆಗೆ ಹೋಗುವ ದಾರಿಯಲ್ಲಿ, ಒಬ್ಬ ಶರಣರ ಗದ್ದುಗೆ ಇತ್ತು. ನಾಲ್ಕು ಕಂಬದ ಸಣ್ಣ ಕಲ್ಲುಮಂಟಪ, ಮೇಲೆ ಚಪ್ಪಡಿ, ಪಕ್ಕದಲ್ಲಿ ಒಂದು ಬೇವಿನ ಮರ. ನನ್ನ ಫೀಲ್ಡ್ ಬುಕ್ಕಿನಲ್ಲಿ ಅದರ ವಿವರ ಈಗಲೂ ಇದೆ: ಕಲ್ಲಿನ ಮಂಟಪ ಒಂದು, 3.60 ಮೀಟರ್ ಉದ್ದ, 3.60 ಅಗಲ, ಎತ್ತರ 2.25, ಕಂಬದ ಬುಡ 38 ಸೆಂಟಿಮೀಟರ್ ಚೌಕ. ಕೊನೆಗೆ ‘ಒಂದು ಕಂಬದ ಮೇಲೆ ಬರಹವಿದೆ’ ಅಂತ ಒಂದು ಸಾಲು. ಬರಹ ಅಂದರೆ ನಾಲ್ಕು ಸಾಲು ಹಳೆಯ ಕನ್ನಡ ಲಿಪಿ. ನನಗೆ ಓದಲು ಬರಲಿಲ್ಲ, ಓದಬೇಕು ಅಂತಲೂ ಅನ್ನಿಸಲಿಲ್ಲ.

ಬೆಲೆ ಕಟ್ಟುವಾಗ ಸವಕಳಿ ಅಂತ ಕಳೆಯುತ್ತೇವೆ. ಕಟ್ಟಡ ಎಷ್ಟು ಹಳೆಯದೋ ಅದರ ಬೆಲೆ ಅಷ್ಟು ಕಡಿಮೆ. ಮನೆಗೆ, ಗೋದಾಮಿಗೆ ಈ ಲೆಕ್ಕ ಸರಿ. ನಾನು ಗದ್ದುಗೆಗೂ ಅದನ್ನೇ ಹಚ್ಚಿದೆ. ಎಷ್ಟು ಹಳೆಯದು ಅಂತ ಊರವರನ್ನು ಕೇಳಿದೆ. ‘ಭಾಳ ಹಳೇದ್ರಿ’ ಅಂದರು. ಹಾಗಾದರೆ ಬೆಲೆ ಏನೂ ಉಳಿಯುವುದಿಲ್ಲ ಅಂತ ಬರೆದೆ.

ಕಚೇರಿಯಿಂದ ನಮಗೊಂದು ಕ್ಯಾಮೆರಾ ಕೊಟ್ಟಿದ್ದರು. 36 ಫೋಟೋದ ರೋಲು. ಪ್ರತಿ ಮನೆಗೆ ಒಂದು ಫೋಟೋ. ಯಜಮಾನ ಬಾಗಿಲ ಮುಂದೆ ನಂಬರು ಬರೆದ ಸ್ಲೇಟು ಹಿಡಿದು ನಿಲ್ಲಬೇಕು. ಗದ್ದುಗೆಯ ಹತ್ತಿರ ಬರುವ ಹೊತ್ತಿಗೆ ರೋಲು ಮುಗಿದಿತ್ತು. ನಾಳೆ ಬಂದು ತೆಗೆದರಾಯಿತು ಅಂದುಕೊಂಡೆ. ಮರುದಿನ ಬೇರೆ ಹಳ್ಳಿಗೆ ಹೋಗಲು ಹೇಳಿದರು. ಪರಿಹಾರದ ಪಟ್ಟಿಗೆ ಗದ್ದುಗೆಯ ಫೋಟೋ ಬೇಕೆಂದು ಯಾರೂ ಕೇಳಲಿಲ್ಲ, ನಾನೂ ಮರೆತೆ. ಕೆಲವು ವರ್ಷಕ್ಕೆ ನೀರು ಬಂತು.

ನಿವೃತ್ತಿಗೆ ಎರಡು ವರ್ಷ ಇರುವಾಗ ಒಂದು ಪುನರ್ವಸತಿ ಕೇಂದ್ರದಲ್ಲಿ ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಎಂಬತ್ತರ ಆಸುಪಾಸಿನ ಒಬ್ಬ ಅಜ್ಜಿ ಬಂದರು.

“ಸಾಹೇಬ್ರ, ನಮ್ಮ ಊರ ಅಳತಿ ಮಾಡಿದವ್ರು ನೀವಲ್ಲೇನ್ರಿ?”

“ಹೌದು ಯವ್ವಾ.”

“ನಮ್ಮ ಅಜ್ಜಾರ ಗದ್ದಿಗಿ ಫೋಟೋ ನಿಮ್ಮ ಕಡೆ ಐತೇನ್ರಿ? ಮೊಮ್ಮಕ್ಕಳಿಗೆ ತೋರಸಬೇಕಾಗೇತಿ. ಬಾಯಿಲೆ ಹೇಳಿದ್ರ ಅವ್ಕ ತಿಳಿಯವಲ್ದು.”

ಇಲ್ಲ ಅಂದೆ. “ಹೋಗ್ಲಿ ಬಿಡ್ರಿ, ನೀವರ ಏನ್ ಮಾಡ್ತೀರಿ, ಕೆಲಸದ ಗಡಿಬಿಡಿಯಾಗ ಇದ್ರಿ” ಅಂತ ಅವರೇ ನನಗೆ ಸಮಾಧಾನ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು. ಆ ಹಳ್ಳಿಯ ಒಂದೊಂದು ದನದ ಕೊಟ್ಟಿಗೆಯ ಫೋಟೋ ಸರ್ಕಾರದ ಕಡತದಲ್ಲಿದೆ. ಇಡೀ ಊರು ಕೈಮುಗಿದ ಜಾಗದ್ದು ಇಲ್ಲ.

ನೀರು ಬಂದರೆ ಎಲ್ಲವೂ ಹೋಗಲೇಬೇಕು ಅಂತೇನಿಲ್ಲ. ಕೂಡಲಸಂಗಮಕ್ಕೆ ನೀವೆಲ್ಲ ಹೋಗಿದ್ದೀರಿ. ನಾರಾಯಣಪುರದ ಬಸವಸಾಗರ ಜಲಾಶಯದ ಪೂರ್ಣ ಮಟ್ಟ 492.25 ಮೀಟರ್. ಅಪ್ಪ ಬಸವಣ್ಣನವರ ಐಕ್ಯಸ್ಥಳ ಆ ನೀರಿನ ಮಟ್ಟಕ್ಕಿಂತ ಕೆಳಗಿದೆ. ಸುತ್ತಲೂ ಬಾವಿಯ ಹಾಗೆ ದುಂಡನೆಯ ಗೋಡೆ ಎಬ್ಬಿಸಿ, ಮೆಟ್ಟಿಲಿಳಿದು ಹೋಗುವಂತೆ ಮಾಡಿ ಉಳಿಸಿಕೊಂಡರು. ಸುತ್ತ ನೀರು, ನಡುವೆ ಒಣನೆಲ. ಎಂಜಿನಿಯರಾದ ನನಗೆ ಅಲ್ಲಿ ಇಳಿಯುವಾಗಲೆಲ್ಲ ಹೆಮ್ಮೆಯಾಗುತ್ತದೆ. ಕೆಳಗೆ, ಶ್ರೀಶೈಲ ಅಣೆಕಟ್ಟಿನ ಹಿನ್ನೀರಿನಲ್ಲಿ, ಕೃಷ್ಣೆ ತುಂಗಭದ್ರೆಯರು ಕೂಡುವ ಕೂಡವೆಲ್ಲಿಯಲ್ಲಿ ಬಾದಾಮಿ ಚಾಲುಕ್ಯರ ಕಾಲದ ಸಂಗಮೇಶ್ವರ ಗುಡಿ ಇತ್ತು. ಅದನ್ನು ಕಲ್ಲು ಕಲ್ಲಿಗೆ ನಂಬರು ಹಾಕಿ, ಬಿಚ್ಚಿ, ಆಲಂಪುರಕ್ಕೆ ತಂದು ಮತ್ತೆ ಜೋಡಿಸಿದರು. ಹಾಗೆ ಬಿಚ್ಚಿ ಜೋಡಿಸುವ ಕೆಲಸಕ್ಕೆ ಫೋಟೋ ಮತ್ತು ಅಳತೆ ಎರಡೂ ಬೇಕೇ ಬೇಕು. ದೊಡ್ಡದಕ್ಕೆ ಇದೆಲ್ಲ ಆಗುತ್ತದೆ. ನಾಲ್ಕು ಕಂಬದ ಗದ್ದುಗೆಗೆ ಇಷ್ಟೆಲ್ಲ ಆಗುವುದಿಲ್ಲ ಅಂತ ಒಪ್ಪೋಣ. ಆದರೆ ಒಂದು ಫೋಟೋಗೆ ಎಷ್ಟು ಖರ್ಚಾಗುತ್ತಿತ್ತು?

ಆಮೇಲೆ ನಾನು, ಇಂಥ ಕೆಲಸ ಮೊದಲು ಮಾಡಿದವರು ಯಾರು ಅಂತ ಓದತೊಡಗಿದೆ. ನಮ್ಮ ಕಡೆಯ ಗುಡಿಗಳ ಹಳೆಯ ಫೋಟೋಗಳು 1850ರ ದಶಕದವು. ಕಂಪನಿ ಸರ್ಕಾರ 1855ರಲ್ಲಿ ಫಿರಂಗಿ ದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್ ಎಂಬುವನನ್ನು ಇದಕ್ಕೆಂದೇ ನೇಮಿಸಿತು. ಬಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲು ಅವನು ಸುತ್ತಿದ ಊರುಗಳು. ಅವನಾದ ಮೇಲೆ ಡಾಕ್ಟರ್ ಪಿಗೂ ಬಂದ. ಇವರ ಮತ್ತು ನೀಲ್ ಎಂಬುವನ ಫೋಟೋಗಳು ಸೇರಿ 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಬಗ್ಗೆ ದೊಡ್ಡ ಪುಸ್ತಕವಾಯಿತು. ಅದಕ್ಕೆ ಇತಿಹಾಸ ಬರೆದವನು ನಮ್ಮ ಸುರಪುರದಲ್ಲಿದ್ದ ಮೆಡೋಸ್ ಟೇಲರ್.

ಇನ್ನೊಬ್ಬ, ಅಲೆಕ್ಸಾಂಡರ್ ಗ್ರೀನ್‌ಲಾ. ಮದ್ರಾಸ್ ಸೇನೆಯ ಅಧಿಕಾರಿ. 1856ರಲ್ಲಿ ಹಂಪಿಯ ಫೋಟೋ ತೆಗೆದ. ಆಗ ಫಿಲ್ಮ್ ರೋಲು ಇಲ್ಲ. ಕಾಗದಕ್ಕೆ ಮೇಣ ಹಚ್ಚಿ, ರಾಸಾಯನಿಕ ಲೇಪಿಸಿ, ಅದರ ಮೇಲೆ ಚಿತ್ರ ಮೂಡಿಸಬೇಕು. ಚಿತ್ರದಷ್ಟೇ ದೊಡ್ಡ ಕಾಗದ, ಅದಕ್ಕೆ ತಕ್ಕ ದೊಡ್ಡ ಪೆಟ್ಟಿಗೆ. ನಮ್ಮ ಬಿಸಿಲಿನಲ್ಲಿ ಆ ಮೇಣದ ಕಾಗದ ಏನು ಕಷ್ಟ ಕೊಟ್ಟಿರಬೇಕು! ಆ ನೆಗೆಟಿವ್‌ಗಳು ಬಹುಕಾಲ ಯಾರ ಗಮನಕ್ಕೂ ಬಾರದೆ ಇದ್ದವು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಎಂಬ ಛಾಯಾಗ್ರಾಹಕ ಹಂಪಿಗೆ ಬಂದು, ಗ್ರೀನ್‌ಲಾ ಎಲ್ಲಿ ನಿಂತು ತೆಗೆದಿದ್ದನೋ ಅದೇ ಜಾಗ ಹುಡುಕಿ, ಅದೇ ದಿಕ್ಕಿಗೆ ಕ್ಯಾಮೆರಾ ಇಟ್ಟು ಮತ್ತೆ ತೆಗೆದ. ಎರಡನ್ನೂ ಎದುರು ಬದುರು ಇಟ್ಟ ಪುಸ್ತಕ ಬಂದಿದೆ.

ಅದರಲ್ಲಿ ಹಂಪಿಯ ಕಲ್ಲಿನ ತೇರನ್ನು ನೋಡಬೇಕು. ನಿಮ್ಮ ಜೇಬಿನಲ್ಲಿ ಐವತ್ತು ರೂಪಾಯಿ ನೋಟು ಇದ್ದರೆ ತೆಗೆದು ನೋಡಿ. ತೇರಿನ ಮೇಲ್ಭಾಗ ಬೋಳಾಗಿದೆ. 1856ರ ಚಿತ್ರದಲ್ಲಿ ಆ ತೇರಿನ ಮೇಲೆ ಇಟ್ಟಿಗೆ ಗಾರೆಯ ಶಿಖರ ಇದೆ! ಆಮೇಲೆ ಅದು ಹೋಯಿತು. ಇಡೀ ನಾಡಿಗೆ ಪರಿಚಯವಾದ ತೇರು ಶಿಖರವಿಲ್ಲದ್ದು. ಆ ಮೇಣದ ಕಾಗದ ಇಲ್ಲದಿದ್ದರೆ ಮೊದಲಿಂದಲೂ ಹೀಗೇ ಇತ್ತು ಅಂತ ನಾವೆಲ್ಲ ನಂಬಿಕೊಂಡಿರುತ್ತಿದ್ದೆವು.

ಆದರೆ ಆ ಸಾಹೇಬರು ಹುಡುಕಿದ್ದು ದೊಡ್ಡ ಗುಡಿ, ಒಳ್ಳೆಯ ಕೆತ್ತನೆ. ಮಣ್ಣಿನ ಮಾಳಿಗೆಯ ಮಠ, ಗುಡ್ಡದ ಗವಿ, ಹೊಲದ ನಡುವಿನ ಗದ್ದುಗೆ ಅವರ ಕಣ್ಣಿಗೆ ಬೀಳುವಂಥವಲ್ಲ. ಅವುಗಳ ಕಡೆ ನಾವೇ ನೋಡಬೇಕು, ಬೇರೆ ಯಾರು ಬರುತ್ತಾರೆ?

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಹೋದ ವರ್ಷ ನಮ್ಮ ಬಸವ ಬಳಗದ ಒಬ್ಬ ಹುಡುಗ, ಬಿ.ಇ. ಓದುವವನು, ನನ್ನನ್ನು ನೇರವಾಗಿಯೇ ಕೇಳಿದ: “ಸರ್, ನಾವು ಗುಡಿ ಬೇಡ ಅಂದ ಧರ್ಮದವರು. ಇಷ್ಟಲಿಂಗ ಕೊರಳಲ್ಲಿ ಇರುವಾಗ ನೀವು ಗುಡಿ ಗುಡಿ ತಿರುಗಿ ಫೋಟೋ ತೆಗೆಯುವುದು ಸ್ಥಾವರದ ಪೂಜೆ ಅಲ್ಲವೇ?” ಒಳ್ಳೆಯ ಪ್ರಶ್ನೆ. ಸ್ಥಾವರ ಜಂಗಮದ ಆ ವಚನ ಈ ಸಭೆಯಲ್ಲಿ ಎಲ್ಲರಿಗೂ ಬಾಯಿಪಾಠ, ನಾನು ಹೇಳಬೇಕಿಲ್ಲ. ಎರಡು ದಿನ ಅವನಿಗೆ ಉತ್ತರ ಕೊಡಲಿಲ್ಲ. ಆಮೇಲೆ ಹೇಳಿದೆ: ಫ.ಗು. ಹಳಕಟ್ಟಿಯವರು ಊರೂರು ತಿರುಗಿ ತಾಳೆಗರಿ ಕೂಡಿಸಿದರು. ಮನೆ ಮಾರಿ ಮುದ್ರಣಾಲಯ ಹಾಕಿದರು. 1923ರಲ್ಲಿ ‘ವಚನಶಾಸ್ತ್ರಸಾರ’ ತಂದರು. ತಾಳೆಗರಿಯೂ ಹುಳ ತಿನ್ನುವ ವಸ್ತುವೇ, ಅದೂ ಅಳಿಯುವಂಥದ್ದೇ. ಅವರು ಗರಿಯನ್ನು ಜಗುಲಿಯ ಮೇಲಿಟ್ಟು ಪೂಜೆ ಮಾಡಲಿಲ್ಲ, ಅದರಲ್ಲಿ ಇದ್ದದ್ದನ್ನು ಅಚ್ಚು ಹಾಕಿದರು. ಎಷ್ಟೋ ಮನೆಗಳಲ್ಲಿ ಅದೇ ಗರಿಯ ಕಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಬಿಚ್ಚದೆ ಇಟ್ಟು, ಪುಡಿಯಾಗುವವರೆಗೂ ಕೈ ಮುಗಿದರು. ಸ್ಥಾವರ ಪೂಜೆ ಅಂದರೆ ಅದು. ಕಲ್ಲಿನ ವಿಷಯದಲ್ಲೂ ನಾನು ಹೀಗೇ ನೋಡುತ್ತೇನೆ.

ಕಲ್ಲಿನಲ್ಲಿ ಏನಿದೆ ಅಂದರೆ, ಉದಾಹರಣೆ ಕೊಡುತ್ತೇನೆ. ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲೂಕಿನ ಅರ್ಜುನವಾಡದ ಶಾಸನ 1260ನೆಯ ಇಸವಿಯದು, ಸೇವುಣರ ಕಾಲ. ಬಸವಣ್ಣನವರು ಲಿಂಗೈಕ್ಯರಾಗಿ ನೂರು ವರ್ಷವೂ ಆಗಿರದ ಹೊತ್ತಿನಲ್ಲಿ ಅವರ ಹೆಸರು ಕಲ್ಲಿನಲ್ಲಿ ಕೂತಿದೆ. ಬಸವಣ್ಣನವರ ಚರಿತ್ರೆಗೆ ಆಧಾರ ಏನು ಅಂತ ಯಾರಾದರೂ ಕೇಳಿದರೆ ವಿದ್ವಾಂಸರು ಮೊದಲು ತೋರಿಸುವ ಕಲ್ಲುಗಳಲ್ಲಿ ಅದು ಒಂದು. ನಾವು ಸ್ವತಂತ್ರ ಧರ್ಮ ಅನ್ನುತ್ತೇವೆ, ಗಟ್ಟಿ ದನಿಯಲ್ಲೇ ಅನ್ನುತ್ತೇವೆ. ದಾಖಲೆ ಎಲ್ಲಿ ಅಂದಾಗ ದನಿ ಇಳಿಯಬಾರದಲ್ಲ. ಆ ಕಲ್ಲನ್ನು ಯಾರೋ ಭಕ್ತರು ಸಿಮೆಂಟಿನಲ್ಲಿ ಹುಗಿದು ಕಟ್ಟೆ ಕಟ್ಟಿಬಿಟ್ಟಿದ್ದರೆ?

ಬಳ್ಳಿಗಾವಿ ಅಲ್ಲಮಪ್ರಭುಗಳ ಊರು. ಅಲ್ಲಿ ಕೇದಾರೇಶ್ವರ ಗುಡಿ ನಿಂತಿದೆ. ಅಲ್ಲಿನ ಕೋಡಿಯ ಮಠದ ಬಗ್ಗೆ 1162ರ ಒಂದು ಶಾಸನ ಇದೆ. ಬಿಜ್ಜಳನ ಕಾಲ, ಅಂದರೆ ಕಲ್ಯಾಣದಲ್ಲಿ ಶರಣರು ಇದ್ದ ಹೊತ್ತು. ಆ ಮಠದಲ್ಲಿ ವ್ಯಾಕರಣ, ತರ್ಕ, ಹಲವು ದರ್ಶನಗಳ ಪಾಠ ನಡೆಯುತ್ತಿತ್ತು; ಬಡವರಿಗೆ, ಕುರುಡರಿಗೆ, ಕುಂಟರಿಗೆ, ಕಿವುಡರಿಗೆ, ಹಾಡುವವರಿಗೆ, ಕಥೆ ಹೇಳುವವರಿಗೆ ಅನ್ನ ಸಿಗುತ್ತಿತ್ತು; ರೋಗಿಗಳಿಗೆ ಔಷಧಿ ಕೊಡುತ್ತಿದ್ದರು ಅಂತ ಅದು ಹೇಳುತ್ತದೆ. ಅದು ಕಾಳಾಮುಖರ ಮಠ, ಶರಣರದ್ದಲ್ಲ. ಬಲವಂತವಾಗಿ ನಮ್ಮದು ಅಂತ ಎಳೆದುಕೊಳ್ಳುವುದು ಬೇಡ. ಆದರೆ ಶರಣರು ಎಂಥ ನಾಡಿನಲ್ಲಿ ಹುಟ್ಟಿದರು, ಯಾವುದನ್ನು ನೋಡಿ ಬೆಳೆದರು, ಯಾವುದನ್ನು ಒಪ್ಪಿದರು, ಯಾವುದನ್ನು ಬಿಟ್ಟರು ಅಂತ ತಿಳಿಯಲು ಅದು ಬೇಕು.

ಅಬ್ಬಲೂರಿನ ಸೋಮೇಶ್ವರ ಗುಡಿಯಲ್ಲಿ ಏಕಾಂತದ ರಾಮಯ್ಯನವರ ಕಥೆ ಶಾಸನದಲ್ಲೂ ಇದೆ, ಕಲ್ಲಿನ ಚಿತ್ರಗಳಲ್ಲೂ ಇದೆ. ಚಿತ್ರದ ಜೊತೆ ಹಳಗನ್ನಡದಲ್ಲಿ ವಿವರವನ್ನೂ ಕೊರೆದಿದ್ದಾರೆ. ಜೈನರ ಜೊತೆಗಿನ ಜಗಳದ ಕಥೆ ಅದು, ಬಸದಿ ಒಡೆದ ಕಥೆ. ಅದನ್ನು ನೋಡಿ ನನಗೆ ಹೆಮ್ಮೆಯಾಗುವುದಿಲ್ಲ. ಮುಚ್ಚಿಡಬೇಕು ಅಂತಲೂ ಅನ್ನಿಸುವುದಿಲ್ಲ. ಕ್ಯಾಮೆರಾ ಹಿಡಿದವನು ಇದ್ದದ್ದನ್ನು ಇದ್ದ ಹಾಗೆ ತೆಗೆಯಬೇಕು. ಚಂದ ಕಂಡದ್ದು, ನಮಗೆ ಅನುಕೂಲವಾದದ್ದು ಮಾತ್ರ ತೆಗೆದರೆ ಅದು ದಾಖಲೆಯಾಗುವುದಿಲ್ಲ, ಜಾಹೀರಾತು ಆಗುತ್ತದೆ.

ಈಗ ಸ್ವಲ್ಪ ಖಾರದ ಮಾತು. ನೀರು ಮುಳುಗಿಸಿದ್ದಕ್ಕಿಂತ ಹೆಚ್ಚು ನಾವು ಜೀರ್ಣೋದ್ಧಾರದ ಹೆಸರಿನಲ್ಲಿ ಕಳೆದಿದ್ದೇವೆ ಅಂತ ನನ್ನ ಅನುಮಾನ. ಒಂದು ಹಳೆಯ ಮಠ, ಯಾವುದು ಅಂತ ಹೇಳುವುದಿಲ್ಲ. ಅದರ ಒಳಬಾಗಿಲ ಚೌಕಟ್ಟಿನ ಮೇಲೆ ಬರಹ ಇದೆ ಅಂತ ಒಬ್ಬರು ಹೇಳಿದ್ದರು. ಇವತ್ತು ನಾಳೆ ಅಂತ ಮುಂದೆ ಹಾಕಿ ನಾನು ಹೋಗುವಷ್ಟರಲ್ಲಿ ಗೋಡೆಗೆಲ್ಲ ಹೊಳೆಯುವ ಗ್ರಾನೈಟ್ ಕೂತಿತ್ತು. ಗೌಂಡಿಯನ್ನು ಕೇಳಿದೆ. “ಅಕ್ಷರ ಇದ್ದುವ್ರಿ ಸರ್, ಎಲ್ಲಿ ಹೋಗ್ಯಾವ, ಈ ಕಲ್ಲಿನ ಹಿಂದನ ಅದಾವ” ಅಂದ. ಅವನ ತಪ್ಪಲ್ಲ. ದಾನಿಗಳು ಭಕ್ತಿಯಿಂದಲೇ ಕೊಟ್ಟಿದ್ದರು, ಅವರ ಹೆಸರು ಮಾತ್ರ ಗ್ರಾನೈಟಿನ ಮೇಲೆ ಚೆನ್ನಾಗಿ ಕೊರೆಸಿದ್ದರು.

ನಾನೂ ಇಂಥ ಎಸ್ಟಿಮೇಟ್ ಮಾಡಿಕೊಟ್ಟವನೇ. ಊರಿನ ಕಮಿಟಿಯವರು ಬಂದು ‘ನಮ್ಮವರೇ ಎಂಜಿನಿಯರು, ಪುಕ್ಕಟೆ ಮಾಡಿಕೊಡ್ತಾರೆ’ ಅಂದಾಗ ಹಳೆಯದನ್ನು ಕೆಡವಿ ಆರ್.ಸಿ.ಸಿ. ಹಾಕಲು ಬರೆದುಕೊಟ್ಟಿದ್ದೇನೆ. ಈಗ ತಿಳಿದದ್ದನ್ನು ಹೇಳುತ್ತೇನೆ. ಹಳೆಯ ಗೋಡೆ ಸುಣ್ಣದ ಗಾರೆಯದು. ಅದು ನೆಲದ ತೇವವನ್ನು ಎಳೆದುಕೊಳ್ಳುತ್ತದೆ, ಮತ್ತೆ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟಿನ ಗಿಲಾವು ಬಳಿದರೆ ತೇವಕ್ಕೆ ಹೊರಗೆ ಹೋಗಲು ದಾರಿ ಇಲ್ಲ. ನೀರಿನ ಜೊತೆ ಬಂದ ಉಪ್ಪು ಒಳಗೇ ಹರಳುಗಟ್ಟಿ ಕಲ್ಲಿನ ಮೈಯನ್ನು ಪದರ ಪದರವಾಗಿ ಉದುರಿಸುತ್ತದೆ. ನಮ್ಮ ಬಾದಾಮಿ ಸೀಮೆಯ ಮರಳುಗಲ್ಲಿಗೆ ಇದು ಬೇಗ ಆಗುತ್ತದೆ. ಕಂಬಕ್ಕೆ ಆಯಿಲ್ ಪೇಂಟ್ ಹೊಡೆದರೂ ಇದೇ ಕಥೆ. ಆಮೇಲೆ ಬಣ್ಣ ತೆಗೆಯಲು ಮರಳು ಚಿಮ್ಮಿಸುವ ಮಷಿನ್ ತರುತ್ತಾರೆ. ಬಣ್ಣದ ಜೊತೆ ಅಕ್ಷರವೂ ಹೋಗುತ್ತದೆ.

ಇದನ್ನೆಲ್ಲ ಸರ್ಕಾರ ನೋಡಿಕೊಳ್ಳುವುದಿಲ್ಲವೇ ಅಂತ ಕೇಳಬಹುದು. ಕೇಂದ್ರದ 1958ರ ಕಾನೂನು ಇದೆ, ನಮ್ಮ ರಾಜ್ಯದ 1961ರ ಕಾನೂನು ಇದೆ. ಆದರೆ ಅವು ಕಾಯುವುದು ಪಟ್ಟಿಗೆ ಸೇರಿದ ಸ್ಮಾರಕಗಳನ್ನು. ನಮ್ಮ ಗದ್ದುಗೆಗಳಲ್ಲಿ, ಹಳ್ಳಿಯ ಮಠಗಳಲ್ಲಿ ಹೆಚ್ಚಿನವು ಯಾವ ಪಟ್ಟಿಯಲ್ಲೂ ಇಲ್ಲ. ಅವುಗಳಿಗೆ ಪುರಾತತ್ವ ಇಲಾಖೆ ಅಂದರೆ ಊರಿನ ಕಮಿಟಿಯೇ. ಹೊಸದು ಕಟ್ಟಬೇಡಿ ಅಂತ ನಾನು ಹೇಳುತ್ತಿಲ್ಲ. ಸೋರುವ ಮಾಳಿಗೆಯ ಕೆಳಗೆ ದಾಸೋಹ ನಡೆಸಲು ಆಗುವುದಿಲ್ಲ. ಪೂಜ್ಯರಲ್ಲಿ ನನ್ನ ಬಿನ್ನಹ ಇಷ್ಟೇ: ಕೆಡವುವ ಠರಾವು ಬರೆಯುವ ದಿನವೇ ಅದೇ ಪುಸ್ತಕದಲ್ಲಿ ಇನ್ನೊಂದು ಸಾಲು ಬರೆಯಿಸಬೇಕು, ಫೋಟೋ ಮತ್ತು ಅಳತೆ ಆಗುವವರೆಗೆ ಪಿಕಾಸಿ ಹಾಕಬಾರದು ಅಂತ. ಎರಡು ದಿನದ ಕೆಲಸ. ನಾನು ಬಂದು ಮಾಡಿಕೊಡುತ್ತೇನೆ, ಇದೂ ಪುಕ್ಕಟೆಯೇ.

ಫೋಟೋ ತೆಗೆಯುವುದು ಹೇಗೆ ಅಂತ ಕೆಲವರು ಮುಂಚೆಯೇ ಕೇಳಿದ್ದಾರೆ. ದೊಡ್ಡ ಕ್ಯಾಮೆರಾ ಬೇಕಾಗಿಲ್ಲ, ಈಗಿನ ಫೋನು ಸಾಕು. ಆದರೆ ನಾವು ತೆಗೆಯುವ ಫೋಟೋದಲ್ಲಿ ಮುಂದೆ ನಾವೇ ನಿಂತಿರುತ್ತೇವೆ, ಗುಡಿ ಹಿಂದೆ ಅಡಗಿರುತ್ತದೆ. ಮೊದಲು ಮನುಷ್ಯರು ಪಕ್ಕಕ್ಕೆ ಸರಿಯಬೇಕು. ದೂರದಿಂದ ನಾಲ್ಕೂ ದಿಕ್ಕು, ಆಮೇಲೆ ನಾಲ್ಕೂ ಮೂಲೆ, ಆಮೇಲೆ ಹತ್ತಿರ. ಚೌಕಟ್ಟಿನೊಳಗೆ ಅಳತೆಗೆ ಏನಾದರೂ ಇರಬೇಕು. ನಾನು ಸರ್ವೆಯ ಕೆಂಪು ಬಿಳಿ ಕೋಲು ಒಯ್ಯುತ್ತೇನೆ. ನಿಮ್ಮಲ್ಲಿ ಅದು ಇಲ್ಲದಿದ್ದರೆ ಮಕ್ಕಳ ಅಡಿಪಟ್ಟಿ ಆದೀತು. ಇಡೀ ಕಟ್ಟಡವನ್ನು ಕಂಪ್ಯೂಟರಿನಲ್ಲಿ ಮೂರು ಆಯಾಮದಲ್ಲಿ ಎಬ್ಬಿಸಬೇಕಾದರೆ ಸುತ್ತಲೂ ನಡೆಯುತ್ತಾ ತೆಗೆಯಿರಿ, ಒಂದು ಫೋಟೋದಲ್ಲಿ ಕಂಡದ್ದರ ಮುಕ್ಕಾಲು ಭಾಗ ಮುಂದಿನದರಲ್ಲೂ ಕಾಣಬೇಕು. ವಿಮಾನದಿಂದ ಸರ್ವೆ ಮಾಡುವವರು ಬಹಳ ಹಿಂದಿನಿಂದಲೂ ಹೀಗೆ ಒಂದರ ಮೇಲೊಂದು ಬರುವಂತೆಯೇ ತೆಗೆಯುತ್ತಾರೆ.

ಶಾಸನಕ್ಕೆ ಮಟಮಟ ಮಧ್ಯಾಹ್ನ ಹೋಗಬೇಡಿ, ಅಕ್ಷರ ಕಾಣುವುದಿಲ್ಲ. ಬೆಳಗಿನ ಎಳೆ ಬಿಸಿಲು ಅಥವಾ ಸಂಜೆಯ ಓರೆ ಬಿಸಿಲು ಬೇಕು. ಕೊರೆದ ಗೆರೆಯಲ್ಲಿ ನೆರಳು ಬಿದ್ದಾಗ ಅಕ್ಷರ ತಾನಾಗಿ ಎದ್ದು ನಿಲ್ಲುತ್ತದೆ. ಗರ್ಭಗುಡಿಯ ಕತ್ತಲಲ್ಲಿ ಬ್ಯಾಟರಿಯನ್ನು ಕಲ್ಲಿನ ಪಕ್ಕದಿಂದ, ಗೋಡೆಗೆ ಸವರುವ ಹಾಗೆ ಹಿಡಿಯಿರಿ. ಒಂದು ಸಲ ಎಡದಿಂದ, ಒಂದು ಸಲ ಬಲದಿಂದ, ಒಂದು ಸಲ ಮೇಲಿಂದ. ಅಕ್ಷರ ಕಾಣಲಿ ಅಂತ ಸುಣ್ಣ, ಎಣ್ಣೆ, ಹಿಟ್ಟು ಹಚ್ಚುವುದು, ತಂತಿಯ ಬ್ರಷ್ಷಿನಿಂದ ಉಜ್ಜುವುದು ಖಂಡಿತ ಬೇಡ. ಇನ್ನು, ತೆಗೆದ ಫೋಟೋಗೆ ಊರು, ದಿನಾಂಕ, ಯಾವ ದಿಕ್ಕಿನಿಂದ ತೆಗೆದದ್ದು ಬರೆಯದಿದ್ದರೆ ಐದು ವರ್ಷದ ಮೇಲೆ ನಿಮಗೇ ಗೊತ್ತಾಗುವುದಿಲ್ಲ. ನನ್ನ ಹತ್ತಿರವೇ ಅಂಥ ಅನಾಥ ಕಂಬಗಳ ಫೋಟೋ ನೂರಾರು ಇವೆ. ವಾಟ್ಸಾಪಿನಲ್ಲಿ ಹಾಕಿದರೆ ಉಳಿಯಿತು ಅಂತಲೂ ತಿಳಿಯಬೇಡಿ. ಅದು ಚಿತ್ರವನ್ನು ಹಿಂಡಿ ಸಣ್ಣದು ಮಾಡುತ್ತದೆ, ಅಕ್ಷರ ಕಲಸಿಹೋಗುತ್ತದೆ. ಮೂಲ ಫೈಲನ್ನು ಎರಡು ಮೂರು ಕಡೆ ಇಡಿ, ಮುಖ್ಯವಾದವುಗಳನ್ನು ಕಾಗದದ ಮೇಲೆ ಹಾಕಿಸಿ ಮಠಕ್ಕೆ ಕೊಡಿ.

ಇನ್ನೊಂದು ಖಜಾನೆ ನಿಮ್ಮ ಮನೆಯ ಟ್ರಂಕಿನಲ್ಲಿದೆ. ಹಳೆಯ ಮದುವೆ ಫೋಟೋ, ಜಾತ್ರೆ ಫೋಟೋ, ಲಿಂಗದೀಕ್ಷೆಯ ಫೋಟೋ. ಮುಂದೆ ನಿಂತವರನ್ನು ಬಿಟ್ಟು ಹಿಂದೆ ಏನಿದೆ ನೋಡಿ. ಹೋಗಿಬಿಟ್ಟ ಮಠದ ಬಾಗಿಲು, ಕಂಬ, ಕಟ್ಟೆ ಅಲ್ಲಿರಬಹುದು.

ಆ ಅಜ್ಜಿಯ ಗದ್ದುಗೆಯ ಬೆನ್ನು ಹತ್ತಿದಾಗ ನನಗೆ ಮೊದಲು ಸಿಕ್ಕಿದ್ದೂ ಅಂಥದ್ದೇ. ಆ ಊರಿನ ಹದಿನೆಂಟು ಮನೆಗಳಲ್ಲಿ ಕೇಳಿದೆ. ಒಂದು ಮನೆಯಲ್ಲಿ ಕಪ್ಪು ಬಿಳುಪಿನ ಫೋಟೋ ಸಿಕ್ಕಿತು: ಮದುವೆಯಾಗಿ ಗದ್ದುಗೆಗೆ ನಮಸ್ಕಾರಕ್ಕೆ ಬಂದ ಗಂಡು ಹೆಣ್ಣು. ಬಾಸಿಂಗ, ದೊಡ್ಡ ಹಾರ. ಅವರ ಹಿಂದೆ ಒಂದು ಕಂಬ ಮತ್ತು ಅದರ ಮೇಲಿನ ಬೋದಿಗೆಯ ಅರ್ಧ. ಗದ್ದುಗೆ ಪೂರ್ತಿ ಮದುಮಗಳ ಸೀರೆಯ ಹಿಂದೆ ಮರೆಯಾಗಿದೆ. ನಕ್ಕೆ, ಮತ್ತೇನು ಮಾಡಲಿ.

ಹೋದ ವರ್ಷ ಮೇ ತಿಂಗಳಲ್ಲಿ ಜಲಾಶಯದ ನೀರು ಬಹಳ ಇಳಿದಿತ್ತು. ಅಜ್ಜಿಯ ಮೊಮ್ಮಗ ಫೋನ್ ಮಾಡಿ, “ಸರ್, ಹಳೇ ಊರಿನ ನೆಲ ಕಾಣಾಕತ್ತೇತಿ, ಬರ್ತೀರೇನು?” ಅಂದ. ಹೋದೆವು. ಬಿರುಕು ಬಿಟ್ಟ ರೇವೆ, ಕಾಲಿಟ್ಟರೆ ಕೆಲವು ಕಡೆ ಮೊಣಕಾಲವರೆಗೆ ಹೂಳು. ಮನೆಗಳ ಬುನಾದಿಯ ಗೆರೆಗಳು ಮಾತ್ರ ಕಾಣುತ್ತಿದ್ದವು. ನನ್ನ ಫೀಲ್ಡ್ ಬುಕ್ಕಿನಲ್ಲಿ ಅಗಸಿಯಿಂದ ಗದ್ದುಗೆಗೆ ಹೆಜ್ಜೆಯ ಲೆಕ್ಕದಲ್ಲಿ ದೂರ ಬರೆದಿದ್ದೆ. ಅಗಸಿಯ ಕಲ್ಲು ಹುಡುಕಿ ಅಲ್ಲಿಂದ ಟೇಪು ಹಿಡಿದೆವು. ಮಂಟಪ ಇರಲಿಲ್ಲ. ಹೂಳಿನಲ್ಲಿ ಒಂದು ಕಂಬ ಅಡ್ಡ ಬಿದ್ದಿತ್ತು. ಬುಡದ ಚೌಕ ಅಳೆದೆ, 38 ಸೆಂಟಿಮೀಟರ್. ಮದುವೆ ಫೋಟೋದ ಕಂಬದ ಅಂಚಿನಲ್ಲಿ ಒಂದು ಚೂರು ಒಡೆದಿತ್ತು, ಈ ಕಂಬದಲ್ಲೂ ಅದೇ ಜಾಗ ಒಡೆದಿತ್ತು. ಹುಡುಗರು ನೀರು ತಂದು ಮೆಲ್ಲಗೆ ಹೂಳು ತೊಳೆದರು. ಸೂರ್ಯ ಇಳಿಯುವವರೆಗೆ ಕಾದೆವು. ನಾಲ್ಕು ಸಾಲಿನಲ್ಲಿ ಎರಡು ಸಾಲು ಅಷ್ಟಿಷ್ಟು ಕಂಡವು, ಉಳಿದೆರಡು ಸವೆದು ಹೋಗಿದ್ದವು. ಅರವತ್ತು ಫೋಟೋ ತೆಗೆದೆ. ಶಾಸನ ಬಲ್ಲ ಮಿತ್ರರೊಬ್ಬರಿಗೆ ಕಳಿಸಿದೆ. ಗಾಣ, ಎಣ್ಣೆ ಅನ್ನುವ ಎರಡು ಶಬ್ದ ಓದಬಹುದು, ದೀಪಕ್ಕೆ ಗಾಣದವರು ಎಣ್ಣೆ ಬಿಟ್ಟ ದತ್ತಿ ಇರಬೇಕು, ಕಾಲ ಹೇಳಲು ಇಷ್ಟು ಸಾಲದು ಅಂದರು. ಕಂಬ ಯಾವುದೋ ಹಳೆಯ ಗುಡಿಯದ್ದಾಗಿದ್ದು, ಆಮೇಲೆ ಗದ್ದುಗೆಗೆ ತಂದು ನಿಲ್ಲಿಸಿದ್ದೂ ಇರಬಹುದು. 1996ರಲ್ಲಿ ನಾಲ್ಕೂ ಸಾಲು ಸ್ಪಷ್ಟವಾಗಿದ್ದವು. ನನ್ನ ಬೆರಳಾಡಿಸಿ ನೋಡಿದ್ದೆ.

ಫೋಟೋವನ್ನು ದೊಡ್ಡದು ಮಾಡಿಸಿ ಅಜ್ಜಿಗೆ ಒಯ್ದು ಕೊಟ್ಟೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. “ಕಂಬ ನಮ್ಮದ ಇರಬೇಕ್ರಿ. ಗದ್ದಿಗಿ ಎಲ್ಲೇತಿ ಇದರಾಗ?” ಅಂದರು. ಸಿಗಲಿಲ್ಲ ಯವ್ವಾ ಅಂದೆ. “ಅದು ಹೊಳಿ ಕಡೆ ಮುಖ ಮಾಡಿತ್ರಿ. ಕಂಬದ ಬಲಕ್ಕ ಅಗೀಬೇಕಿತ್ತು, ನೀವು ಎಡಕ್ಕ ಹುಡಿಕೀರಿ” ಅಂತ ನನ್ನನ್ನೇ ತಿದ್ದಿದರು. ಬಿದ್ದ ಕಂಬಕ್ಕೆ ಎಡ ಯಾವುದು ಬಲ ಯಾವುದು ಅಂತ ನಾನು ವಾದಿಸಲಿಲ್ಲ. ಅವರು ಬೆರಳಲ್ಲಿ ತೋರಿಸಿದ ಹಾಗೆ ಒಂದು ನಕ್ಷೆ ಬರೆದುಕೊಂಡಿದ್ದೇನೆ. ಬೇವಿನ ಮರ, ದೀಪದ ಗೂಡು, ನೀರಿನ ಬಾನಿ ಎಲ್ಲ ಅದರಲ್ಲಿವೆ.

ಬರುವ ಮೇ ತಿಂಗಳಲ್ಲಿ ನೀರು ಇಳಿದರೆ ಮತ್ತೆ ಹೋಗುವವರಿದ್ದೇವೆ. ಅಗೆಯುವುದಿಲ್ಲ, ಅದಕ್ಕೆ ಅನುಮತಿ ಬೇಕು. ಹೂಳು ಸರಿಸಿ ಕಂಡದ್ದನ್ನು ತೆಗೆದುಕೊಂಡು ಬರುತ್ತೇವೆ. ಗಾಡಿಯಲ್ಲಿ ಇನ್ನಿಬ್ಬರಿಗೆ ಜಾಗ ಇದೆ. ಬರುವವರು ಹಳೆಯ ಚಪ್ಪಲಿ, ಒಂದು ಬ್ಯಾಟರಿ, ಮೆತ್ತನೆಯ ಬ್ರಷ್ಷು ತನ್ನಿ. ಆ ಬಿ.ಇ. ಓದುವ ಹುಡುಗ ಆಗಲೇ ಹೆಸರು ಕೊಟ್ಟಿದ್ದಾನೆ.